ಕೆಜಿ ಲೆಕ್ಕ ಒಂದೇ ಸಾಲದು

ಮಾನ್ಯ ಸಂಪಾದಕರೇ,

ಕೋಲಾರದ ಕಾಲೇಜೊಂದರ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ದಿನಾ ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಪಕ್ಕದ ಸಂದಿಯನ್ನೂ ನಾನೇ ಗುಡಿಸುತ್ತೇನೆ. ಸಿಗರೇಟ್ ತುಂಡು, ಟೀ ಕಪ್ಪುಗಳ ಜೊತೆ ಬೆರಳುದ್ದದ ಜಿಪ್ ಕವರ್‌ಗಳೂ ಸಿಗುತ್ತವೆ. ಮೂಗಿನ ಹತ್ತಿರ ಹಿಡಿದರೆ ಗಾಂಜಾ ವಾಸನೆ. ಕೆಲವು ತಿಂಗಳಿಂದ ಅವನ್ನು ಎಣಿಸಿ ಬರೆದಿಡುತ್ತಿದ್ದೇನೆ. ವಾರಕ್ಕೆ ಹತ್ತು-ಹನ್ನೆರಡು. ಪೊಲೀಸರು ಇಷ್ಟು ಕೆಜಿ ಗಾಂಜಾ ಹಿಡಿದರು, ಇಷ್ಟು ಕೇಸ್ ಹಾಕಿದರು ಅಂತ ಸಾಧನೆಯಾಗಿ ಪೇಪರ್‌ನಲ್ಲಿ ಬಂದ ವಾರವೂ ಅಷ್ಟೇ.

ಪೊಲೀಸರು ಸುಮ್ನೆ ಕೂತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಆಂಧ್ರದ ಗಡಿ ಪಕ್ಕದಲ್ಲೇ ಇರುವ ಜಿಲ್ಲೆ ನಮ್ಮದು. ರಾತ್ರಿಯೆಲ್ಲಾ ಗಾಡಿ ತಡೆದು ಡಿಕ್ಕಿ ತೆಗೆಸಿ ನೋಡುವುದು ಸುಲಭ ಅಲ್ಲ. ಆದರೆ ಇಷ್ಟು ಕೆಜಿ ಸಿಕ್ಕಿತು ಅಂದರೆ ಏನು ತಿಳಿಯಬೇಕು? ತಪಾಸಣೆ ಬಿಗಿಯಾಗಿರಬಹುದು. ಮಾಲೇ ಜಾಸ್ತಿ ಬರುತ್ತಿರಲೂಬಹುದು, ಅಲ್ವಾ?

ಕೇಸಿನ ಲೆಕ್ಕವೂ ಹಾಗೇ. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 1 ಕೆಜಿವರೆಗಿನ ಗಾಂಜಾ ಸಣ್ಣ ಪ್ರಮಾಣ, ಹೆಚ್ಚೆಂದರೆ 1 ವರ್ಷ ಜೈಲು. 20 ಕೆಜಿ ದಾಟಿದರೆ ಕಡಿಮೆ ಅಂದರೂ 10 ವರ್ಷ. ಸೇದಿ ಸಿಕ್ಕಿಬಿದ್ದ ಹುಡುಗನದೂ ಒಂದು ಕೇಸ್, ಮೂಟೆಗಟ್ಟಲೆ ತಂದು ಹಂಚುವವನದೂ ಒಂದು ಕೇಸ್. ಎರಡನ್ನೂ ಕೂಡಿಸಿ ಒಂದೇ ಅಂಕಿ ಕೊಟ್ಟರೆ ನಮಗೆ ಏನೂ ಗೊತ್ತಾಗುವುದಿಲ್ಲ. ಮಾರುವವರ ಮೇಲಿನ ಕೇಸ್ ಎಷ್ಟು, ಎಷ್ಟರಲ್ಲಿ ಶಿಕ್ಷೆ ಆಯ್ತು, ಉಳಿದವು ಕೋರ್ಟಿನಲ್ಲಿ ಯಾಕೆ ಬಿದ್ದುಹೋದವು? ಬೀದಿಯಲ್ಲಿ ಪೊಟ್ಟಣದ ರೇಟು ಏರಿತಾ? ಹುಡುಗರ ಕೈಗೆ ಸಿಗುವುದು ಕಷ್ಟವಾಯಿತಾ? ನನಗೆ ಬೇಕಾಗಿರುವುದು ಈ ಲೆಕ್ಕ.

ಹೋದ ತಿಂಗಳು ಒಬ್ಬ ತಾಯಿ ಮಗನ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಮಾಡಿಸಲು ಬಂದಿದ್ದರು. ಕೆಲಸ ಮುಗಿದರೂ ಹೋಗಲಿಲ್ಲ. ಅಂಗಡಿ ಖಾಲಿ ಆಗುವವರೆಗೆ ನಿಂತಿದ್ದು, "ಅಣ್ಣಾ, ಇವನನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಪೊಲೀಸ್ ಕೇಸ್ ಆಗುತ್ತಾ?" ಅಂತ ಮೆಲ್ಲಗೆ ಕೇಳಿದರು. ಕೈಯಲ್ಲಿದ್ದ ಕವರ್ ನಡುಗುತ್ತಿತ್ತು. ಚಟಕ್ಕೆ ಬಿದ್ದವರು ಸಣ್ಣ ಪ್ರಮಾಣದ ಕೇಸಿನಲ್ಲಿ ತಾವಾಗಿಯೇ ಚಿಕಿತ್ಸೆಗೆ ಹೋದರೆ ಅದೇ ಕಾಯ್ದೆಯ 64ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. ಚಟ ಬಿಡಲು ನೆರವಾಗುವ 14446 ಸಹಾಯವಾಣಿಯೂ ಇದೆ. ಆ ತಾಯಿಗೆ ಎರಡೂ ಗೊತ್ತಿರಲಿಲ್ಲ. ಚಿಕಿತ್ಸೆಗೆ ಎಷ್ಟು ಹುಡುಗರನ್ನು ಕಳಿಸಿದರು, ಎಷ್ಟು ಜನ ಚಟ ಬಿಟ್ಟು ಉಳಿದರು ಅನ್ನುವುದೂ ಪೊಲೀಸರ ಸಾಧನೆಯ ಪಟ್ಟಿಯಲ್ಲಿ ಇರಬೇಕು.

ಜೂನ್ 26 ಮಾದಕ ವಸ್ತು ವಿರೋಧಿ ದಿನ. ಜಾಥಾ ನಡೆಯಲಿ, ಒಳ್ಳೆಯದೇ. ಅವತ್ತೇ ಜಿಲ್ಲೆಯ ಪೊಲೀಸರು ಈ ಲೆಕ್ಕವನ್ನೂ ಜನರ ಮುಂದಿಡಲಿ. ನಾನು ಕವರ್ ಎಣಿಸಿ ಬರೆದಿಟ್ಟ ನೋಟ್‌ಬುಕ್ ಬೇಕಿದ್ದರೆ ಅದನ್ನೂ ಕೊಡುತ್ತೇನೆ.

– ಒಬ್ಬ ಅಂಗಡಿಯವನು, ಕೋಲಾರ