ಹಣದುಬ್ಬರ ಇಳಿದಾಗ ಪಿಂಚಣಿದಾರನ ಲೆಕ್ಕ

ಮಾನ್ಯ ಸಂಪಾದಕರಿಗೆ,

ವಂದನೆಗಳು. 2025ರ ಅಕ್ಟೋಬರ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿದಿದೆಯೆಂಬ ಸುದ್ದಿ ಓದಿದ ದಿನ ನಾನು ಮನೆಯ ಲೆಕ್ಕದ ಪುಸ್ತಕವನ್ನು ತೆರೆದು ಕುಳಿತೆ. ತರಕಾರಿ, ಬೇಳೆಗಳು ಹಿಂದಿನ ವರ್ಷಕ್ಕಿಂತ ಅಗ್ಗವಾದದ್ದೇ ಆ ಇಳಿಕೆಗೆ ಮುಖ್ಯ ಕಾರಣವಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕರಾವಳಿಯಿಂದ ಬಂದು ಮುಂಬಯಿಯ ಭಾಂಡೂಪಿನಲ್ಲಿ ನೆಲೆಸಿರುವ ನಮ್ಮಂಥವರ ಅಡುಗೆಗೆ ತೆಂಗಿನಕಾಯಿಯೇ ಆಧಾರ. ಅದೇ ವರ್ಷ ತೆಂಗಿನೆಣ್ಣೆಯ ಬೆಲೆ ದುಪ್ಪಟ್ಟನ್ನೂ ದಾಟಿತು. ಕಾಯಿಯ ಬೆಲೆಯೂ ಅದರ ಬೆನ್ನಿಗೇ ಏರಿತು. ದಿನವೂ ಒಂದು ಕಾಯಿ ತುರಿಯುತ್ತಿದ್ದ ನನ್ನ ಹೆಂಡತಿ ಈಗ ಅರ್ಧ ಹೋಳಿನಲ್ಲಿ ಸಾಂಬಾರು, ಪಲ್ಯ ಎರಡನ್ನೂ ಮುಗಿಸುತ್ತಾಳೆ. ಒಡೆದ ಕಾಯಿ ಕೊಳೆತಿದ್ದರೆ ಅಂದು ಬರೀ ತಿಳಿಸಾರು.

ಉಳಿದ ಖರ್ಚುಗಳೂ ಸುಮ್ಮನಿರಲಿಲ್ಲ. 2025ರ ಮೇ ತಿಂಗಳಲ್ಲಿ ಮುಂಬಯಿಯ ನಗರ ಸಾರಿಗೆ ಸಂಸ್ಥೆಯಾದ ಬೆಸ್ಟ್‌ನ ಬಸ್ಸಿನ ಕನಿಷ್ಠ ದರ 5 ರೂಪಾಯಿಯಿಂದ 10ಕ್ಕೆ, ಎಸಿ ಬಸ್ಸಿನಲ್ಲಿ 6ರಿಂದ 12ಕ್ಕೆ ಏರಿತು. ಸ್ಟೇಷನ್ನಿಗೆ ದಿನಕ್ಕೆರಡು ಬಾರಿ ಟಿಕೆಟ್ ಕೊಂಡು ಓಡಾಡುವವರಿಗೆ, ತಿಂಗಳಲ್ಲಿ 25 ದಿನವೆಂದು ಹಿಡಿದರೆ, 250 ರೂಪಾಯಿ ಆಗುತ್ತಿದ್ದ ಜಾಗದಲ್ಲಿ 500 ಬೇಕು. ನಷ್ಟದಲ್ಲಿರುವ ಸಂಸ್ಥೆ ದರ ಏರಿಸಲೇಬಾರದೆಂದು ನಾನು ಹೇಳುವುದಿಲ್ಲ. ಅತಿ ಕಡಿಮೆ ದೂರ ಹೋಗುವವನಿಗೇ ಇಮ್ಮಡಿ ಹೊರೆ ಹಾಕಿದ್ದು ಸರಿಯೆನಿಸುವುದಿಲ್ಲ. ಅಡುಗೆ ಅನಿಲದ ಸಿಲಿಂಡರಿಗೂ ಅದೇ ವರ್ಷದ ಏಪ್ರಿಲ್‌ನಲ್ಲಿ 50 ರೂಪಾಯಿ ಹೆಚ್ಚಾಗಿತ್ತು.

ಇಷ್ಟನ್ನು ಬರೆಯಲು ಕಾರಣ ನನ್ನ ಪಿಂಚಣಿ. ಸರ್ಕಾರಿ ನೌಕರರಿಗೂ ಅವರ ಪಿಂಚಣಿದಾರರಿಗೂ ಬೆಲೆ ಸೂಚ್ಯಂಕವನ್ನು ನೋಡಿ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈಗೆ ಅನ್ವಯವಾಗುವಂತೆ, ತುಟ್ಟಿಭತ್ಯೆಯನ್ನು ಪರಿಷ್ಕರಿಸುವ ಪದ್ಧತಿಯಿದೆ. ಅದು ನ್ಯಾಯವೇ. ಆದರೆ ಖಾಸಗಿ ಕಾರ್ಖಾನೆ, ಕಂಪನಿಗಳಲ್ಲಿ ದುಡಿದು 1995ರ ನೌಕರರ ಪಿಂಚಣಿ ಯೋಜನೆಯಡಿ ನಿವೃತ್ತರಾದವರಿಗೆ ಅಂಥ ಭತ್ಯೆಯಿಲ್ಲ. ಮೊದಲ ತಿಂಗಳು ಎಷ್ಟು ಬಂತೋ ಹತ್ತು ವರ್ಷ ಕಳೆದ ಮೇಲೂ ಅಷ್ಟೇ ಬರುತ್ತದೆ. 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ 1,000 ರೂಪಾಯಿ ಕನಿಷ್ಠ ಪಿಂಚಣಿ 2025 ಮುಗಿಯುವವರೆಗೂ ಕದಲಿರಲಿಲ್ಲ. ನನಗೆ ಬರುವುದು ಅದಕ್ಕಿಂತ ಕೊಂಚ ಹೆಚ್ಚು, ಎಷ್ಟೆಂದು ಬರೆಯಲು ಸಂಕೋಚವಾಗುತ್ತದೆ. ಸಣ್ಣ ಹೋಟೆಲು, ಕ್ಯಾಂಟೀನುಗಳಲ್ಲಿ ಆಯುಷ್ಯ ಸವೆಸಿದ ನಮ್ಮ ಊರಿನ ಎಷ್ಟೋ ಮಂದಿಗೆ ಈ ಪಿಂಚಣಿಗೆ ಆಧಾರವಾದ ಭವಿಷ್ಯನಿಧಿಯೇ (ಪಿಎಫ್) ಇರಲಿಲ್ಲವಾದ್ದರಿಂದ ಅವರೆದುರು ನಾನು ದೂರುವುದೂ ಕಷ್ಟ.

ಕನಿಷ್ಠ ಪಿಂಚಣಿಯನ್ನು ಹೆಚ್ಚಿಸುವ ಬೇಡಿಕೆ ಹಳೆಯದು. ಒಮ್ಮೆ ಹೆಚ್ಚಿಸಿ ಮತ್ತೆ ಹತ್ತು ವರ್ಷ ಮರೆತುಬಿಟ್ಟರೆ ಪ್ರಯೋಜನವಿಲ್ಲ; ಈ ಪಿಂಚಣಿಯನ್ನೂ ತುಟ್ಟಿಭತ್ಯೆಯಂತೆ ಸೂಚ್ಯಂಕಕ್ಕೆ ಜೋಡಿಸಬೇಕು. ಮುಂಬಯಿಯ ಸಂಸದರು, ಯಾವ ಪಕ್ಷದವರೇ ಆಗಿರಲಿ, ಮುಂದಿನ ಅಧಿವೇಶನದಲ್ಲಿ ಇದನ್ನು ಪ್ರಸ್ತಾಪಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ಒಬ್ಬ ನಿವೃತ್ತ ಕಾರ್ಮಿಕ
ಭಾಂಡೂಪ್, ಮುಂಬಯಿ