ಅದು ಹುಚ್ಚಲ್ಲ, ಅರಳು ಮರಳೂ ಅಲ್ಲ

ಮಾನ್ಯ ಸಂಪಾದಕರೇ,

ಬಸ್ ನಿಲ್ದಾಣದಲ್ಲಿ ರಾತ್ರಿಯಿಡೀ ಕೂತಿದ್ದ ಅಜ್ಜನ ಸುದ್ದಿಗೆ ‘ಮಾನಸಿಕ ಅಸ್ವಸ್ಥನ ರಂಪಾಟ’ ಎಂಬ ತಲೆಬರಹ ಕೊಟ್ಟಿದ್ದೀರಿ. ಆ ವಿಡಿಯೋವನ್ನು ಊರವರೆಲ್ಲ ನೋಡಿದ್ದಾರೆ. ಅದರಲ್ಲಿ ರಂಪಾಟ ಎಲ್ಲಿದೆ? ಆ ಸೆಕೆಯಲ್ಲಿ ಒಂದರ ಮೇಲೊಂದು ಎರಡು ಅಂಗಿ, ಗುಂಡಿ ಒಂದು ಕಾಜ ತಪ್ಪಿಸಿ ಹಾಕಿದ್ದು, ಒಂದೇ ಕಾಲಿಗೆ ಚಪ್ಪಲಿ. ಕೇಳುತ್ತಿದ್ದದ್ದು ಒಂದೇ ಮಾತು: ‘ಸದಾಶಿವಗಡಕ್ಕೆ ತಾರಿ ಎಷ್ಟೊತ್ತಿಗೆ?’ (ತಾರಿ ಎಂದರೆ ಹಿಂದೆ ಕಾಳಿ ನದಿ ದಾಟಿಸುತ್ತಿದ್ದ ದೋಣಿ, ಸದಾಶಿವಗಡ ಆಚೆ ದಡದ ಊರು.) ಸುತ್ತ ನಿಂತವರಲ್ಲೊಬ್ಬ ‘ಸೇತುವೆ ಬಿದ್ದುಹೋಗಿದೆ ಅಜ್ಜಾ, ಈಜಿಕೊಂಡು ಹೋಗು’ ಅಂದ. ಉಳಿದವರು ನಕ್ಕರು. ಆ ನಗು ಕೇಳಿ ಮೈ ಉರಿದು ಈ ಪತ್ರ ಬರೆಯುತ್ತಿದ್ದೇವೆ.

ತಾರಿ ಕೇಳಿದ್ದೇ ಕಾಯಿಲೆಯ ಗುರುತು. ಆಲ್ಝೈಮರ್ ಎಂಬ ಮರೆವಿನ ಕಾಯಿಲೆಯಲ್ಲಿ ಮೊದಮೊದಲು ಪೆಟ್ಟು ಬೀಳುವುದು ಮಿದುಳಿನ ಹಿಪೊಕ್ಯಾಂಪಸ್ ಭಾಗಕ್ಕೆ. ಹೊಸ ನೆನಪು ಕೂಡಿಕೊಳ್ಳುವುದು ಅಲ್ಲಿಯೇ. ಹಾಗಾಗಿ ಬೆಳಿಗ್ಗೆ ತಿಂದ ದೋಸೆ ಮರೆತುಹೋಗುತ್ತದೆ, ಸೇತುವೆ ಆಗುವ ಮೊದಲು ತಾರಿಯಲ್ಲಿ ಕಾಳಿ ನದಿ ದಾಟಿದ್ದು ಉಳಿದಿರುತ್ತದೆ. ಹೊತ್ತು ಮುಳುಗುವಾಗ ಚಡಪಡಿಕೆ ಜಾಸ್ತಿ. ಸ್ವಂತ ಮನೆಯ ಜಗಲಿಯ ಮೇಲೆ ಕೂತಿದ್ದರೂ ‘ಮನೆಗೆ ಹೋಗ್ಬೇಕು’ ಎಂದು ಎದ್ದು ಹೊರಡುತ್ತಾರೆ.

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮವರಿಗೆ ಮಾಡಿದ ಕೇಡು ಅಷ್ಟಿಷ್ಟಲ್ಲ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ಈ ಕಾಯಿಲೆಯನ್ನು ಮೊದಲು ವಿವರಿಸಿದಾಗ ಮುಂದಿಟ್ಟ ರೋಗಿ, ಆಸ್ಪತ್ರೆ ಸೇರುವಾಗ 51 ವರ್ಷದ ಹೆಂಗಸು. ವಯಸ್ಸಾದರೆ ಎಲ್ಲರಿಗೂ ಬರುವ ಮರೆವಲ್ಲ ಇದು. ಚಷ್ಮಾ ಎಲ್ಲಿಟ್ಟೆ ಎಂದು ಮರೆಯುವುದು ಬೇರೆ, ಚಷ್ಮಾ ಕೈಯಲ್ಲಿ ಹಿಡಿದು ಇದೇನು ಎಂದು ಕೇಳುವುದು ಬೇರೆ. ಗಾದೆ ಹೇಳಿ ಸುಮ್ಮನೆ ಕೂತವರ ಮನೆಯಲ್ಲಿ ಬಿ12 ಕೊರತೆ, ಥೈರಾಯ್ಡ್, ಸೋಡಿಯಂ ಇಳಿದದ್ದು, ಬಿದ್ದು ತಲೆಯೊಳಗೆ ರಕ್ತ ಕಟ್ಟಿದ್ದು, ಯಾವುದೂ ಗೊತ್ತಾಗುವುದಿಲ್ಲ. ಇವೂ ಮರೆವಾಗಿಯೇ ಕಾಣಿಸಿಕೊಳ್ಳುತ್ತವೆ, ಬೇಗ ಹಿಡಿದರೆ ಎಷ್ಟೋ ಸಲ ಸರಿಯಾಗುತ್ತವೆ. ರಕ್ತ ಪರೀಕ್ಷೆ, ಒಂದು ಸ್ಕ್ಯಾನ್ ಸಾಕು. ಅದರ ಬದಲು ರಾತ್ರಿ ನಿದ್ದೆ ಬರಲೆಂದು ಔಷಧಿ ಅಂಗಡಿಯಿಂದ ಶೀತದ ಮಾತ್ರೆ ತಂದು ನುಂಗಿಸುತ್ತಾರೆ. ಮಂಪರು ತರುವ ಆ ಮಾತ್ರೆಗಳಿಂದಲೇ ಗೊಂದಲ ಇನ್ನಷ್ಟು ಏರುತ್ತದೆ.

ಆವತ್ತು ಮೊಬೈಲ್ ಹಿಡಿದು ನಿಂತವರು ಮಾಡಬೇಕಾದ್ದು ಇಷ್ಟೇ ಇತ್ತು. ಹಿಂದಿನಿಂದ ಹೋಗಿ ತೋಳು ಹಿಡಿಯಬಾರದು, ಎದುರಿನಿಂದ ಬಂದು ಪಕ್ಕದಲ್ಲಿ ಕೂತುಕೊಳ್ಳಬೇಕು. ಒಬ್ಬರೇ ಮಾತಾಡಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ, ಉತ್ತರಕ್ಕೆ ಅರ್ಧ ನಿಮಿಷವಾದರೂ ಕಾಯಬೇಕು. ಕನ್ನಡಕ್ಕೆ ಓಗೊಡದಿದ್ದರೆ ಕೊಂಕಣಿಯಲ್ಲಿ ಕೇಳಬೇಕು, ಕಲಿತ ಭಾಷೆ ಮೊದಲು ಹೋಗಿ ತಾಯ್ನುಡಿ ಕೊನೆವರೆಗೆ ನಿಲ್ಲುವುದುಂಟು. ತಾರಿ ಇಲ್ಲ ಎಂದು ವಾದಿಸಬಾರದು. ‘ತಾರಿಗೆ ಹೊತ್ತಿದೆ, ನೀರು ಕುಡಿಯಿರಿ’ ಅಂದರೆ ಎಷ್ಟೋ ಸಲ ಕೂರುತ್ತಾರೆ. ಕಾಲರ್ ಒಳಮಗ್ಗುಲು, ಕಿಸೆ, ಸೊಂಟದ ದಾರ ನೋಡಬೇಕು, ಮನೆಯವರು ಫೋನ್ ನಂಬರ್ ಹೊಲಿದಿರುವ ಸಾಧ್ಯತೆ ಇರುತ್ತದೆ. ಆಮೇಲೆ 112, ಇಲ್ಲವೇ ಹಿರಿಯರ ಸಹಾಯವಾಣಿ 14567. ಹುಡುಕುವವರೂ ಗೋವಾ ಗಡಿವರೆಗೆ ಬೈಕ್ ಓಡಿಸುವ ಮೊದಲು ಹಿತ್ತಲು, ಬಾವಿ, ಗಜನಿ ಗದ್ದೆ, ಹಳೇ ಮನೆ, ಹಿಂದೆ ಕೆಲಸ ಮಾಡಿದ ಜಾಗ ನೋಡಲಿ. ಹೆಸರು ಕೂಗಿದರೆ ಇವರು ಎಷ್ಟೋ ಸಲ ಓಗೊಡುವುದಿಲ್ಲ, ಬೇಲಿ ಸಂದಿಯಲ್ಲಿ ಸುಮ್ಮನೆ ಕೂತಿರುತ್ತಾರೆ.

ಮನೆಯವರು ದೂರು ಕೊಡಲು ಹೋದರೆ ‘24 ಗಂಟೆ ಕಳೆಯಲಿ, ಆಮೇಲೆ ಬನ್ನಿ’ ಎಂಬ ಉತ್ತರ ಸಿಕ್ಕಿತೆಂದು ನಿಮ್ಮ ವರದಿಯಲ್ಲೇ ಇದೆ. ಯಾವ ಕಾನೂನಿನಲ್ಲಿದೆ ಇದು? ಕಾಣೆಯಾದ ದೂರಿಗೆ ಕಾಯಬೇಕೆಂಬ ನಿಯಮವೇ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತನ್ನ ವ್ಯಾಖ್ಯೆಯಲ್ಲೇ ನೆನಪಿನ ತೊಂದರೆಯನ್ನು ಸೇರಿಸಿದೆ. ಹೀಗೆ ಅಲೆಯುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು, ಲಾಕಪ್ಪಿಗೆ ಹಾಕಬಾರದು, ಮನೆಯವರನ್ನು ಹುಡುಕಬೇಕು ಎಂದು 100ನೇ ಕಲಮಿನಲ್ಲಿ ಬರೆದಿದೆ. ಆಸ್ಪತ್ರೆಗೆ ಒಯ್ಯಲು ಕೊಟ್ಟ ಗಡುವನ್ನು ಪೊಲೀಸರು, ಮನೆಯವರು ಠಾಣೆಯ ಬಾಗಿಲಲ್ಲಿ ಕಾಯುವ ಗಡುವು ಮಾಡಿಬಿಟ್ಟಿದ್ದಾರೆ.

ಪೊಲೀಸರೊಬ್ಬರದೇ ಕಥೆಯಲ್ಲ. ಅಂಗವಿಕಲತೆ ಪ್ರಮಾಣಪತ್ರಕ್ಕೆ ಹೋದರೆ ‘ಚೆನ್ನಾಗಿಯೇ ಇದ್ದಾರಲ್ಲ’ ಎನ್ನುತ್ತಾರೆ. ರೇಷನ್ ಅಂಗಡಿಯಲ್ಲಿ ಬೆರಳಚ್ಚು ಬೇಕು, ಇವರು ಬೆರಳು ಎಳೆದುಕೊಳ್ಳುತ್ತಾರೆ, ಹಿಂದಿನವರು ಗೊಣಗುತ್ತಾರೆ. ನವೆಂಬರ್ ಬಂತೆಂದರೆ ಪಿಂಚಣಿಯ ಜೀವಿತ ಪ್ರಮಾಣಪತ್ರಕ್ಕೆ ರಿಕ್ಷಾ ಮಾಡಿಸಿ ಕರೆದೊಯ್ಯಬೇಕು, ಅಲ್ಲಿ ಸರ್ವರ್ ಇಲ್ಲ, ನಾಳೆ ಬನ್ನಿ. 70 ದಾಟಿದವರ ಮನೆಗೇ ಬಂದು ಅದನ್ನು ಪಡೆಯಿರಿ ಎಂದು ರಿಸರ್ವ್ ಬ್ಯಾಂಕು 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ, ಕೌಂಟರಿನಲ್ಲಿ ಕೂತವರಿಗೆ ಅದು ಗೊತ್ತೇ ಇಲ್ಲ. ನರರೋಗ ತಜ್ಞರನ್ನು ನೋಡಬೇಕೆಂದರೆ ಈಗಲೂ ಮಣಿಪಾಲ, ಹುಬ್ಬಳ್ಳಿ, ಗೋವಾ. 2022ರಲ್ಲಿ ಇಡೀ ಉತ್ತರ ಕನ್ನಡ ಜಿಲ್ಲೆ ಒಂದಾಗಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೇಳಿತ್ತು. ಆಗ ಭರವಸೆ ಕೊಟ್ಟವರೆಲ್ಲ ಈಗ ಎಲ್ಲಿದ್ದಾರೆ? ನೆನಪಿನ ಕಾಯಿಲೆಯವರನ್ನು ತಾಸುಗಟ್ಟಲೆ ವಾಹನದಲ್ಲಿ ಕೂರಿಸುವುದು, ನಡುದಾರಿಯಲ್ಲಿ ಅವರು ಬಾಗಿಲು ತೆಗೆಯಲು ನೋಡುವುದು, ಶೌಚಕ್ಕೆ ನಿಲ್ಲಿಸಲು ಹೆದ್ದಾರಿಯಲ್ಲಿ ಜಾಗವಿಲ್ಲದಿರುವುದು, ಇವೆಲ್ಲ ಯಾವ ಅಧಿಕಾರಿಗೆ ಬೇಕು?

ಸೆಪ್ಟೆಂಬರ್ 21ಕ್ಕೆ ವಿಶ್ವ ಆಲ್ಝೈಮರ್ ದಿನವೆಂದು ದೀಪ ಬೆಳಗಿ, ಶಾಲೆ ಮಕ್ಕಳನ್ನು ಬಿಸಿಲಲ್ಲಿ ನಡೆಸಿ ಫೋಟೋ ತೆಗೆಸಿಕೊಳ್ಳುವುದನ್ನು ಮೊದಲು ನಿಲ್ಲಿಸಲಿ. 60 ದಾಟಿದವರಲ್ಲಿ ನೂರಕ್ಕೆ ಸುಮಾರು ಏಳು ಜನರಿಗೆ ಮರೆವಿನ ಕಾಯಿಲೆ ಇರುವ ದೇಶ ಇದು. ಆ ಕಾರ್ಯಕ್ರಮಕ್ಕೆ ಬಸ್ ನಿಲ್ದಾಣದ ಕಂಟ್ರೋಲರು, ಕಂಡಕ್ಟರು, ರಿಕ್ಷಾದವರು, ಠಾಣೆಯ ರೈಟರು, ಮೀನು ಮಾರ್ಕೆಟಿನ ಹೆಂಗಸರನ್ನು ಕರೆಯಿರಿ. ಇಂಥವರನ್ನು ಮೊದಲು ಕಾಣುವವರು ಅವರೇ. ನೀವೂ ಆ ತಲೆಬರಹಕ್ಕೆ ತಿದ್ದುಪಡಿ ಹಾಕಿ, ಸಹಾಯವಾಣಿ ನಂಬರನ್ನು ವಾರಕ್ಕೊಮ್ಮೆಯಾದರೂ ಅಚ್ಚು ಮಾಡಿ. ಜಿಲ್ಲಾಡಳಿತ ಏನಾದರೂ ಮಾಡಲಿ, ಈ ತಿಂಗಳೊಳಗೇ ಮಾಡಲಿ. ಆ ವಿಡಿಯೋ ಹರಿಬಿಟ್ಟವರು ಇವತ್ತೇ ಅಳಿಸಲಿ.

– ಮರೆವಿನ ಕಾಯಿಲೆಯವರ ಮನೆಮಂದಿ, ಕೋಡಿಬಾಗ, ಕಾರವಾರ