ಸೋರುವ ಜಾಗ ಹುಡುಕದೆ ಮಾಡಿದ ದುರಸ್ತಿಯ ಬಗ್ಗೆ ದೂರು

ದಿನಾಂಕ: 12 ಮೇ 2025
ಧಾರವಾಡ

ಗೆ,
ವ್ಯವಸ್ಥಾಪಕರು,
ಕಾರು ಸರ್ವಿಸ್ ಕೇಂದ್ರ,
ಹುಬ್ಬಳ್ಳಿ

ವಿಷಯ: 2003ರ ಮಾರುತಿ ಝೆನ್ ಕಾರಿನ ಕೂಲೆಂಟ್ ಮತ್ತು ಆಯಿಲ್ ಸೋರಿಕೆಯ ದುರಸ್ತಿಯಲ್ಲಿ ಆದ ಲೋಪ, ಹಣ ಹಿಂತಿರುಗಿಸುವ ಬಗ್ಗೆ.

ಮಾನ್ಯರೇ,

ಕಳೆದ ತಿಂಗಳು ನಿಮ್ಮಲ್ಲಿ ಕಾರು ಬಿಟ್ಟಾಗ ಜಾಬ್ ಕಾರ್ಡಿನಲ್ಲಿ ನಾನು ಬರೆಸಿದ್ದು ಎರಡೇ ದೂರು. ಎಂಜಿನ್ ತಣ್ಣಗಿಡುವ ಕೂಲೆಂಟ್ ದ್ರವ ಕಡಿಮೆಯಾಗುತ್ತಿದೆ, ಎಲ್ಲಿಂದ ಎಂದು ನೋಡಿ. ವಾಹನ ದಟ್ಟಣೆಯಲ್ಲಿ ನಿಂತಾಗ ಎಂಜಿನ್ ಬಿಸಿಯಾಗುತ್ತಿದೆ, ಏಕೆ ಎಂದು ನೋಡಿ. ಗಾಡಿ ವಾಪಸ್ ಪಡೆಯುವಾಗ ಕೈಗೆ ಬಂದ ಬಿಲ್ಲಿನಲ್ಲಿ ವಾಟರ್ ಪಂಪ್ ಹೊಸದು, ಎಂಜಿನ್ ತಳದ ಆಯಿಲ್ ಚೇಂಬರಿನ ಪ್ಯಾಕಿಂಗ್ ಹೊಸದು, ಕೂಲೆಂಟ್ ಹೊಸದು. ಮಜೂರಿ ಸೇರಿ 9,460 ರೂಪಾಯಿ. ಎಲ್ಲಿಂದ, ಏಕೆ ಎಂಬುದಕ್ಕೆ ಮಾತ್ರ ಅದರಲ್ಲಿ ಒಂದಕ್ಷರ ಉತ್ತರವಿರಲಿಲ್ಲ. ವಾರ ತುಂಬುವುದರೊಳಗೆ ಬಾಟಲಿಯಲ್ಲಿ ಕೂಲೆಂಟ್ ಕೆಳಗಿನ ಗೆರೆಗೆ ಇಳಿದಿತ್ತು, ಚೆನ್ನಮ್ಮ ವೃತ್ತದ ಬಳಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೊದಲಿನಂತೆಯೇ ಕೆಂಪು ಗೆರೆಯ ಕಡೆ ಹೊರಟಿತ್ತು.

ನನ್ನ ಮನೆ ಧಾರವಾಡದಲ್ಲಿ, ಅಂಗಡಿ ಅಮರಗೋಳದ ಎಪಿಎಂಸಿಯಲ್ಲಿ. ಧಾರವಾಡದಿಂದ ಅಮರಗೋಳದವರೆಗೆ ಗಾಡಿ ಓಡುತ್ತಲೇ ಇರುವುದರಿಂದ ಮುಳ್ಳು ಅರ್ಧ ದಾಟುವುದಿಲ್ಲ. ವಸೂಲಿಗೆಂದು ಹುಬ್ಬಳ್ಳಿ ಪೇಟೆಯೊಳಗೆ ಹೊಕ್ಕರೆ ಏರುತ್ತದೆ. ಅಣ್ಣಿಗೇರಿ ದಾಟಿ ಗದಗಿಗೆ ಹೋಗಿ ಬಂದರೂ ತೊಂದರೆಯಿಲ್ಲ. ಇದನ್ನೆಲ್ಲ ನಿಮ್ಮ ಸೂಪರ್‌ವೈಸರ್‌ಗೆ ಹೇಳಿದ್ದೆ, ಅವರು ತಲೆಯಾಡಿಸಿದ್ದರು. ಓಡುವ ಗಾಡಿಯ ರೇಡಿಯೇಟರಿಗೆ ಎದುರುಗಾಳಿ ಸಿಗುತ್ತದೆ, ನಿಂತ ಗಾಡಿಗೆ ಫ್ಯಾನ್ ಒಂದೇ ಗತಿ. ಹಾಗಾಗಿ ನಿಂತಾಗ ಮಾತ್ರ ಬಿಸಿಯಾಗುವ ಕಾರಿನಲ್ಲಿ ಮೊದಲು ನೋಡಬೇಕಾದದ್ದು ಫ್ಯಾನ್. ಬ್ಯಾಟರಿಯಿಂದ ಮೋಟಾರಿಗೆ ನೇರವಾಗಿ ಎರಡು ವೈರು ಹಿಡಿದರೆ ಮೋಟಾರು ಸರಿಯಿದೆಯೋ ಇಲ್ಲವೋ ಎಂಬುದು ಅಲ್ಲಿಯೇ ತಿಳಿಯುತ್ತದೆ. ಮೋಟಾರು ತಿರುಗಿದರೆ ಫ್ಯೂಸ್, ರಿಲೇ, ಬಿಸಿ ಗ್ರಹಿಸುವ ಸೆನ್ಸರ್, ಅದರ ವೈರು ಎಂದು ಒಂದೊಂದಾಗಿ ನೋಡುತ್ತ ಹೋಗಬೇಕು. ನಿಮ್ಮಲ್ಲಿ ಇದು ಯಾವುದೂ ಆಗಿಲ್ಲ.

ಆದದ್ದು ಬೇರೆ. ಧಾರವಾಡದಲ್ಲಿ ನನಗೆ ಪರಿಚಯದ ಹಳೆಯ ಮೆಕ್ಯಾನಿಕ್ ಒಬ್ಬರು ಗಾಡಿ ಬಿಚ್ಚಿ ನೋಡಿದಾಗ ಥರ್ಮೋಸ್ಟಾಟ್, ಅಂದರೆ ಬಿಸಿಗೆ ತಕ್ಕಂತೆ ಕೂಲೆಂಟಿನ ಹರಿವನ್ನು ತಡೆದು ಬಿಡುವ ಕವಾಟ, ಇರಬೇಕಾದ ಜಾಗ ಖಾಲಿಯಿತ್ತು. ನಿಮಗೆ ಫೋನ್ ಮಾಡಿದರೆ "ನಮ್ಮ ಕಡೆಯ ಬಿಸಿಲಿಗೆ ಅದು ಬೇಕಾಗುವುದಿಲ್ಲ ಸರ್, ತೆಗೆದರೆ ಎಂಜಿನ್ ತಣ್ಣಗಿರುತ್ತದೆ" ಎಂಬ ಉತ್ತರ ಬಂತು. ತೆಗೆದದ್ದು ಬಿಲ್ಲಿನಲ್ಲಿಲ್ಲ, ತೆಗೆಯುವ ಮುನ್ನ ನನ್ನನ್ನು ಕೇಳಿಲ್ಲ, ತೆಗೆದ ವಸ್ತು ನನ್ನ ಕೈಗೆ ಬಂದಿಲ್ಲ. ಫ್ಯಾನೇ ತಿರುಗದಿರುವಾಗ ಥರ್ಮೋಸ್ಟಾಟ್ ತೆಗೆದು ಪ್ರಯೋಜನವೂ ಇಲ್ಲ. ನಿಂತ ಗಾಡಿಯಲ್ಲಿ ನೀರು ಎಷ್ಟು ಸುತ್ತಿದರೂ ಅದರ ಬಿಸಿಯನ್ನು ಹೊರಗೆ ಒಯ್ಯುವ ಗಾಳಿ ಬೇಕಲ್ಲ. ಎಂಜಿನ್ ಬೇಗ ಹದವಾದ ಬಿಸಿಗೆ ಬಂದು ಅಲ್ಲೇ ನಿಲ್ಲಲಿ ಎಂದು ತಯಾರಕರು ಇಟ್ಟ ಭಾಗವದು. ಅದಿಲ್ಲದೆ ಬೆಳಗಿನ ಹೊತ್ತು ಎಂಜಿನ್ ಬಹಳ ಹೊತ್ತು ತಣ್ಣಗೇ ಓಡುತ್ತದೆ, ಇನ್ನೂ ಚಳಿಯಿದೆ ಎಂದುಕೊಂಡ ಕಂಪ್ಯೂಟರು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಆ ಪೆಟ್ರೋಲಿನ ಲೆಕ್ಕವನ್ನು ನಿಮಗೆ ಕಳಿಸುತ್ತಿಲ್ಲ, ಅಷ್ಟು ಉಪಕಾರ.

ಇನ್ನು ಸೋರಿಕೆ. ಧಾರವಾಡದ ಆ ಮೆಕ್ಯಾನಿಕ್ ಬಳಿ ಇದ್ದದ್ದು ಸೈಕಲ್ ಪಂಪಿನಂಥ ಒಂದು ಕೈಪಂಪು, ಅದಕ್ಕೊಂದು ಗೇಜು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ಆ ಜಾಗಕ್ಕೆ ಪಂಪು ಸಿಕ್ಕಿಸಿದರು, ಮುಚ್ಚಳದ ಮೇಲೆ ಬರೆದಿದ್ದ 0.9 ಬಾರ್ ಒತ್ತಡದವರೆಗೆ ಗಾಳಿ ತುಂಬಿದರು, ಚಹಾ ಕುಡಿಯುತ್ತ ಗೇಜು ನೋಡಿದರು. ಮುಳ್ಳು ನಿಧಾನವಾಗಿ ಇಳಿಯತೊಡಗಿತು. ಟಾರ್ಚ್ ಹಿಡಿದು ಹುಡುಕಿದಾಗ ಹೀಟರಿಗೆ ಹೋಗುವ ಹೋಸ್ ಪೈಪಿನ ಬುಡದಲ್ಲಿ, ಕ್ಲಿಪ್ ಕೆಳಗೆ, ಹನಿ ಕಟ್ಟುತ್ತಿತ್ತು. ಸುತ್ತ ಒಣಗಿದ ಕೂಲೆಂಟಿನ ಹಕ್ಕಳೆ ಮೊದಲೇ ಇತ್ತು. ಎಂಜಿನ್ ಓಡುವಾಗ ಒತ್ತಡಕ್ಕೆ ಅಲ್ಲಿಂದ ಜಿನುಗುವ ಕೂಲೆಂಟ್ ಬಿಸಿ ಲೋಹದ ಮೇಲೆ ಬಿದ್ದು ಆವಿಯಾಗುತ್ತಿದ್ದುದರಿಂದ ನೆಲದ ಮೇಲೆ ಕಲೆ ಬೀಳುತ್ತಿರಲಿಲ್ಲ. ರೇಡಿಯೇಟರಿನ ಮುಚ್ಚಳವನ್ನೂ ಅದೇ ಪಂಪಿಗೆ ಹಾಕಿ ನೋಡಿದರು. ರಬ್ಬರು ಕಲ್ಲಾಗಿ, ಅರ್ಧ ಒತ್ತಡವನ್ನೂ ತಡೆಯುತ್ತಿರಲಿಲ್ಲ. ಒತ್ತಡ ನಿಲ್ಲದಿದ್ದರೆ ಕೂಲೆಂಟ್ ಕಡಿಮೆ ಬಿಸಿಗೇ ಕುದಿಯುತ್ತದೆ ಎಂಬುದು ನಿಮ್ಮ ಕೆಲಸಗಾರರಿಗೆ ಗೊತ್ತಿರಬೇಕಾದ ಸಂಗತಿ. ಫ್ಯಾನಿನ ಸೆನ್ಸರಿನ ಪ್ಲಗ್‌ನಲ್ಲಿ ಹಸಿರು ಕಿಲುಬು ಕಟ್ಟಿತ್ತು, ಫ್ಯಾನ್ ತಿರುಗದಿದ್ದದ್ದು ಅದರಿಂದ. ಹೋಸ್, ಕ್ಲಿಪ್, ಮುಚ್ಚಳ, ಪ್ಲಗ್ ಎಲ್ಲ ಸೇರಿ ನನಗೆ ತಗುಲಿದ್ದು 1,150 ರೂಪಾಯಿ. ಈಗ ಬಾಟಲಿಯ ಮಟ್ಟ ಇಳಿಯುತ್ತಿಲ್ಲ, ಮುಳ್ಳೂ ಏರುತ್ತಿಲ್ಲ.

ನೀವು ಬದಲಿಸಿದ ವಾಟರ್ ಪಂಪ್ ನನ್ನ ಬಳಿಯೇ ಇದೆ, ಹಟ ಮಾಡಿ ಕೇಳಿ ಪಡೆದದ್ದು. ಒಳಗಿನ ಸೀಲ್ ಹೋದ ಪಂಪಿನಲ್ಲಿ ಅಡಿಯ ಸಣ್ಣ ತೂತಿನಿಂದ ಕೂಲೆಂಟ್ ಜಿನುಗಿ ಕಲೆ ಉಳಿದಿರುತ್ತದೆ. ಇದರ ತೂತು ಒಣಗಿದೆ, ಶಾಫ್ಟ್ ಅಲುಗಾಡುವುದಿಲ್ಲ. ಯಾವ ಪರೀಕ್ಷೆಯ ಆಧಾರದ ಮೇಲೆ ಇದನ್ನು ತೆಗೆದಿರಿ ಎಂಬುದನ್ನು ಬರವಣಿಗೆಯಲ್ಲಿ ತಿಳಿಸಿ.

ರೇಡಿಯೇಟರಿನಿಂದ ಹೊರಬಂದ ಕಂದು ರಾಡಿಯ ವಿಷಯ ಇನ್ನೂ ಬೇಸರದ್ದು. ಸೋರಿಕೆ ನಿಲ್ಲಿಸುವ ಪುಡಿ ಹಾಕಿದ್ದೆವು ಎಂದು ನಿಮ್ಮವರೇ ಒಪ್ಪಿಕೊಂಡರು. ಹಿಂದೆ ಲಾರಿ ಚಾಲಕರು ಊರಿಲ್ಲದ ದಾರಿಯಲ್ಲಿ ರೇಡಿಯೇಟರಿಗೆ ಅರಿಶಿನ ಪುಡಿ ಸುರಿದು ಹೇಗೋ ಮುಂದಿನ ಊರು ಸೇರುತ್ತಿದ್ದರು. ಅವರಿಗೆ ಬೇರೆ ದಾರಿ ಇರಲಿಲ್ಲ. ಲಿಫ್ಟು, ಏರ್ ಲೈನು, ಗಾಜಿನ ಕ್ಯಾಬಿನ್ನು ಇಟ್ಟುಕೊಂಡವರು ಅದನ್ನೇ ಮಾಡಿದರೆ ಏನನ್ನಬೇಕು? ಸೋರುವ ಸಂದಿಯನ್ನು ಕಟ್ಟುವ ಪುಡಿ ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಕಟ್ಟಬಲ್ಲದು. ಕೂಲೆಂಟಿಗೆ ಬೆರೆಸಿದ ನೀರು ನಿಮ್ಮ ಅಂಗಳದ ಬೋರಿನದು. ಪೈಪಿನಿಂದ ಹಿಡಿಯುವುದನ್ನು ನಾನೇ ನೋಡಿದೆ. ಆ ಗಡಸು ನೀರು ಬಿಸಿಯಾದಲ್ಲೆಲ್ಲ ಸುಣ್ಣದ ಪದರ ಕೂರಿಸುತ್ತದೆ. ಬಿಲ್ಲಿನಲ್ಲಿ ಮಾತ್ರ ಡಿಸ್ಟಿಲ್ಡ್ ವಾಟರ್ ಎಂದಿದೆ.

ಆಯಿಲ್ ಸೋರಿಕೆ ನನ್ನ ದೂರೇ ಆಗಿರಲಿಲ್ಲ. ಚೇಂಬರಿನ ಮೇಲೆ ಆಯಿಲ್ ಕಂಡಿತೆಂದು ಅಲ್ಲಿಯ ಪ್ಯಾಕಿಂಗ್ ಬದಲಿಸಿದಿರಿ. ಆಯಿಲ್ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಎಂಜಿನ್ ಒರೆಸಿ, ಸ್ವಲ್ಪ ದೂರ ಓಡಿಸಿ, ಅತಿ ಮೇಲೆ ಒದ್ದೆಯಾದ ಜಾಗ ಯಾವುದೆಂದು ನೋಡಿದ್ದರೆ ಎಂಜಿನ್ ಮೇಲ್ತುದಿಯ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಸಿಗುತ್ತಿತ್ತು. ಅದು ಇಂದಿಗೂ ಜಿನುಗುತ್ತಿದೆ.

"ಹಳೆಯ ಗಾಡಿ ಸರ್, ಹೀಗೇ ಇರುತ್ತದೆ" ಎಂದು ಫೋನಿನಲ್ಲಿ ಹೇಳಿಸಿಕೊಂಡಿದ್ದೇನೆ. ಗಾಡಿ ಹಳೆಯದು ಎಂಬುದು ಒಳಗೆ ತೆಗೆದುಕೊಳ್ಳುವಾಗಲೂ ಗೊತ್ತಿತ್ತು, ಆಗ ಯಾರೂ ಬೇಡವೆನ್ನಲಿಲ್ಲ. 2023ರಲ್ಲಿ ಇದರ ನೋಂದಣಿ ಮತ್ತೆ ಐದು ವರ್ಷಕ್ಕೆ ನವೀಕರಣವಾಗಿದೆ. ಇದರ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಅಲ್ಯೂಮಿನಿಯಂನದು. ಹೀಗೆ ಕುದಿಸುತ್ತ ಓಡಿಸಿದ್ದರೆ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಸುಟ್ಟು, ಆ ಕೆಲಸಕ್ಕೂ ನಾನು ನಿಮ್ಮ ಬಾಗಿಲಿಗೇ ಬರಬೇಕಿತ್ತು.

ನನ್ನ ಬೇಡಿಕೆಗಳು ಇಷ್ಟು. ವಾಟರ್ ಪಂಪ್ ಮತ್ತು ಚೇಂಬರ್ ಪ್ಯಾಕಿಂಗಿನ ಬೆಲೆ, ಮಜೂರಿ ಎರಡನ್ನೂ ಹಿಂತಿರುಗಿಸಬೇಕು. ಹೊಸ ಥರ್ಮೋಸ್ಟಾಟ್ ನಿಮ್ಮ ಖರ್ಚಿನಲ್ಲಿ ಕೂರಬೇಕು. ರೇಡಿಯೇಟರ್ ಮತ್ತು ಹೀಟರ್ ಎರಡನ್ನೂ ಪುಡಿ ಹೋಗುವಂತೆ ತೊಳೆದು ಸರಿಯಾದ ಕೂಲೆಂಟ್ ತುಂಬಬೇಕು, ಆ ಹೊತ್ತಿಗೆ ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಟ್ಯಾಪೆಟ್ ಕವರಿನ ಕೆಲಸ ನಿಮಗೆ ಕೊಡುವುದಿಲ್ಲ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರಲಿ. ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ, ಸೇವಾ ನ್ಯೂನತೆ ಎಂದು ಧಾರವಾಡ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಹಳೆಯ ವಾಟರ್ ಪಂಪನ್ನು ಅಲ್ಲಿಗೇ ತರುತ್ತೇನೆ.

ಜಾಬ್ ಕಾರ್ಡ್, ನಿಮ್ಮ ಬಿಲ್ಲು, ಧಾರವಾಡದ ಗ್ಯಾರೇಜಿನ ರಸೀದಿ, ಹೋಸ್ ಪೈಪಿನ ಬುಡದ ಮತ್ತು ಕಂದು ರಾಡಿಯ ಫೋಟೊಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ಜಾಬ್ ಕಾರ್ಡಿನಲ್ಲಿ ಸಹಿ ಮಾಡಿದ ಗ್ರಾಹಕ